ಹೊಗೆ ಹೋಗುವ ದಾರಿ, ಗಾಳಿ ಬರುವ ದಾರಿ

ಸಾರಿನ ಪುಡಿಗೆ ನಮ್ಮ ಮನೆಯಲ್ಲಿ ಬ್ಯಾಡಗಿ ಜೊತೆ ಸ್ವಲ್ಪ ಗುಂಟೂರು ಮೆಣಸಿನಕಾಯಿಯನ್ನೂ ಹುರಿಯುತ್ತೇವೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಹುರಿಯುವ ದಿನ ಹಾಲಿನಲ್ಲಿ ಟಿವಿ ನೋಡುತ್ತಾ ಕೂತವರೂ ಎದ್ದು ಅಂಗಳಕ್ಕೆ ಓಡುತ್ತಾರೆ. ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಒಂದಿತ್ತು. ಸುತ್ತುತ್ತಿತ್ತು, ಅಷ್ಟೆ. ಅದರ ರೆಕ್ಕೆಗೆ ಹತ್ತಿದ ಜಿಡ್ಡನ್ನು ಹಬ್ಬಕ್ಕೊಮ್ಮೆ ಕೆರೆದು ಸಾಕಾಗಿ, ಚಿಮ್ನಿ ಹಾಕಿಸಲೇಬೇಕು ಅಂತ ನಾನು ಹಟ ಹಿಡಿದೆ.

ತುಮಕೂರಿನ ಈ ಮನೆಯನ್ನು ನಮ್ಮ ಮಾವ ನಿಂತು ಕಟ್ಟಿಸಿದವರು. ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಕೆಇಬಿ ಹೋಗಿ ಕೆಪಿಟಿಸಿಎಲ್ ಆಯಿತು, ಆಮೇಲೆ ಬೆಸ್ಕಾಂ ಆಯಿತು, ಮಾವನ ಬಾಯಲ್ಲಿ ಮಾತ್ರ ಇವತ್ತಿಗೂ ಕೆಇಬಿ. ಯಾವ ಗೋಡೆಯೊಳಗೆ ಯಾವ ವೈರು ಹೋಗಿದೆ ಅಂತ ಅವರಿಗೆ ಬಾಯಿಪಾಠ. ಹಾಗಾಗಿ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಅವರ ಅಪ್ಪಣೆ ಬೇಕು. ಅವತ್ತಿನವರೆಗೆ ನನಗೆ ಇದೊಂದು ಕಿರಿಕಿರಿ ಅನ್ನಿಸುತ್ತಿತ್ತು.

ಚಿಮ್ನಿ ಬಂತು. 60 ಸೆಂಟಿಮೀಟರ್ ಅಗಲ, ಗಂಟೆಗೆ 1200 ಘನ ಮೀಟರ್ ಗಾಳಿ ಎಳೆಯುತ್ತೆ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿತ್ತು. ಫಿಟ್ಟಿಂಗ್ ಉಚಿತ. ಮಾರನೇ ದಿನ ಕಂಪನಿ ಕಡೆಯ ಹುಡುಗ ಡ್ರಿಲ್ ಮಷೀನ್ ಹಿಡಿದು ಬಂದ. ಚುರುಕಿನ ಹುಡುಗ. ಅಡುಗೆಮನೆಯನ್ನು ಒಂದು ಸುತ್ತು ನೋಡಿ, "ಈ ಎಕ್ಸಾಸ್ಟ್ ಫ್ಯಾನ್ ತೆಗೆದುಬಿಡೋಣ ಅಕ್ಕ. ಅದೇ ತೂತಿನಿಂದ ಪೈಪ್ ಆಚೆ ಬಿಟ್ಟರೆ ಆಯ್ತು. ಗೋಡೆ ಒಡೆಯೋ ಕೆಲಸಾನೇ ಇಲ್ಲ" ಅಂದ. ನನಗೂ ಸರಿ ಅನ್ನಿಸಿತು. ಗೋಡೆ ಒಡೆಯುವುದು ಬೇಡ ಅಂದರೆ ಯಾರಿಗೆ ಖುಷಿಯಾಗಲ್ಲ?

ಮಾವ ಬಾಗಿಲಲ್ಲಿ ನಿಂತಿದ್ದರು. "ಆಚೆ ಅಂದ್ರೆ ಎಲ್ಲಿಗಪ್ಪಾ?"

"ಯುಟಿಲಿಟಿಗೆ ಸಾರ್. ಎಲ್ಲರ ಮನೇಲೂ ಹಿಂಗೇ ಹಾಕೋದು."

ಯುಟಿಲಿಟಿ ಅಂದರೆ ಪಾತ್ರೆ ತೊಳೆಯುವ ಜಾಗ. ಕಟ್ಟಿದಾಗ ಅದು ತೆರೆದಿತ್ತು. ಆಮೇಲೆ ಕೋತಿ ಕಾಟಕ್ಕೆ ಗ್ರಿಲ್ ಬಂತು, ಸೊಳ್ಳೆ ಕಾಟಕ್ಕೆ ಗಾಜು ಬಂತು. ಈಗ ಅದೂ ಒಂದು ರೂಮೇ. ಅಲ್ಲಿ ವಾಷಿಂಗ್ ಮಷೀನ್ ಇದೆ, ಗೋಡೆಯ ಮೇಲೆ ಗ್ಯಾಸ್ ಗೀಸರ್ ಇದೆ. ಬಚ್ಚಲುಮನೆಗೆ ಬಿಸಿನೀರು ಅಲ್ಲಿಂದಲೇ. "ಆ ಜಿಡ್ಡು ಹೊಗೆನೆಲ್ಲ ತಗೊಂಡುಹೋಗಿ ಉರಿಯೋ ಗೀಸರ್ ಮುಂದೆ ಬಿಡ್ತೀಯಾ?" ಅಂದರು ಮಾವ. ಹುಡುಗ ನಕ್ಕ. ಮಾವ ನಗಲಿಲ್ಲ.

ಇನ್ನೂ ಒಂದು ವಿಷಯ ಇತ್ತು. ಒಲೆ ಇರುವುದು ಪೂರ್ವದ ಗೋಡೆಗೆ. ವಾಸ್ತು ಪ್ರಕಾರ ಆಗ್ನೇಯ ಮೂಲೆ, ಪೂರ್ವಕ್ಕೆ ಮುಖ ಮಾಡಿ ಅಡುಗೆ. ಎಕ್ಸಾಸ್ಟ್ ಫ್ಯಾನಿನ ತೂತು ಉತ್ತರದ ಗೋಡೆಯಲ್ಲಿ. ಅಲ್ಲಿಗೆ ಪೈಪ್ ಎಳೆದರೆ ಏಳೆಂಟು ಅಡಿ ಉದ್ದ, ಎರಡು ತಿರುವು. ಪೈಪ್ ಉದ್ದವಾದಷ್ಟೂ, ತಿರುವು ಜಾಸ್ತಿಯಾದಷ್ಟೂ ಎಳೆತ ಕಡಿಮೆ. ತಿರುವಿನಲ್ಲಿ ಜಿಡ್ಡೂ ನಿಲ್ಲುತ್ತೆ, ಮತ್ತೆ ಜಿಡ್ಡು ಅಂದರೆ ಎಣ್ಣೆಯೇ, ಹತ್ತಿಕೊಂಡರೆ ಉರಿಯುವ ವಸ್ತು. ಒಲೆಯ ಹಿಂದಿನ ಗೋಡೆಯೇ ಹೊರಗೋಡೆ ಆಗಿರುವಾಗ ನೇರವಾಗಿ ಅಲ್ಲೇ ತೂತು ತೆಗೆದರೆ ಮೂರು ಅಡಿ ಪೈಪ್, ಒಂದೇ ತಿರುವು. ಆದರೆ ತೂತು ತೆಗೆಯುವುದು ಉಚಿತದ ಲೆಕ್ಕದಲ್ಲಿ ಬರಲ್ಲ. ಹುಡುಗ ಆ ದಿನ ವಾಪಸ್ ಹೋದ.

ಕೋರ್ ಕಟಿಂಗ್‌ನವರನ್ನು ಕರೆಸಿದೆವು. ಆರು ಇಂಚಿನ ತೂತಿಗೆ ಎರಡು ಸಾವಿರ ಕೇಳಿದರು. ಸುತ್ತಿಗೆ, ಉಳಿ ಹಿಡಿದು ಒಡೆಯುವವರು ಇನ್ನೂ ಕಡಿಮೆಗೆ ಸಿಗುತ್ತಾರೆ. ಆದರೆ ಅದರಲ್ಲಿ ಟೈಲ್ಸ್ ಬಿರುಕು ಬಿಡುತ್ತೆ, ತೂತಿನ ಅಂಚು ಅಡ್ಡಾದಿಡ್ಡಿ ಆಗಿ ಮಳೆನೀರಿಗೆ ದಾರಿಯಾಗುತ್ತೆ. ಕೋರ್ ಮಷೀನು ನೀರು ಬಿಟ್ಟುಕೊಂಡು ಗುಂಡಗೆ ಕೊರೆಯುತ್ತೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಿಂದ ಒಂದು ದುಂಡನೆಯ ತುಂಡು ಹಾಗೇ ಆಚೆ ಬಂತು. ಎಲ್ಲಿ ಕೊರೆಯಬೇಕು ಅನ್ನುವುದೇ ಅಲ್ಲಿನ ಮುಖ್ಯ ಮಾತು. ಏಳು ಅಡಿ ಮಟ್ಟದಲ್ಲಿ ಮನೆಯ ಸುತ್ತಲೂ ಲಿಂಟಲ್, ಅಂದರೆ ಕಾಂಕ್ರೀಟಿನ ಪಟ್ಟಿ, ಓಡಿದೆ, ಅದರೊಳಗೆ ಕಬ್ಬಿಣ ಇದೆ. ಅದನ್ನು ಕತ್ತರಿಸುವ ಹಾಗಿಲ್ಲ. ಮಾವ ಲಿಂಟಲ್‌ಗಿಂತ ಮೇಲೆ, ತಾರಸಿಗಿಂತ ಸಾಕಷ್ಟು ಕೆಳಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿಕೊಟ್ಟರು. ಆಚೆ ಕಡೆಗೆ ಒಂಚೂರು ಇಳಿಜಾರು ಇರಲಿ ಅಂತಲೂ ಹೇಳಿದರು, ಮಳೆ ನೀರು ಒಳಗೆ ಬರಬಾರದಲ್ಲ.

ಪೂರ್ವಕ್ಕೆ ಪಕ್ಕದ ಮನೆಯ ಬೆಡ್‌ರೂಮ್ ಕಿಟಕಿ. ನಮ್ಮ ಒಗ್ಗರಣೆ ಘಾಟು ಅವರ ಮಂಚಕ್ಕೆ ಹೋದರೆ ಜಗಳ ಗ್ಯಾರಂಟಿ. ಅತ್ತೆ ಹೋಗಿ ಆ ಮನೆಯಾಕೆಯ ಹತ್ತಿರ ಮಾತಾಡಿ ಬಂದರು. ಹೊಗೆ ಕೆಳಮುಖವಾಗಿ ಬೀಳುವ ಹಾಗೆ ಆಚೆ ಒಂದು ಮುಚ್ಚಳ ಹಾಕಿಸುತ್ತೇವೆ ಅಂತ ಒಪ್ಪಂದ ಆಯಿತು. ಆ ಮುಚ್ಚಳಕ್ಕೆ ಹಗುರವಾದ ರೆಪ್ಪೆ ಇರುತ್ತೆ. ಗಾಳಿ ಬಂದಾಗ ತೆರೆದುಕೊಳ್ಳುತ್ತೆ, ನಿಂತಾಗ ಮುಚ್ಚಿಕೊಳ್ಳುತ್ತೆ. ಇಲ್ಲದಿದ್ದರೆ ಪಾರಿವಾಳ ಗೂಡು ಕಟ್ಟುತ್ತೆ, ಇಲಿ ನೆಟ್ಟಗೆ ಒಲೆಯ ಮೇಲೆ ಇಳಿಯುತ್ತೆ.

ಹುಡುಗ ಮತ್ತೆ ಬಂದ. ಈ ಸಲ ಮಾವ ಸ್ಟೂಲ್ ಹಾಕಿಕೊಂಡೇ ಕೂತರು.

ಮೊದಲು ರೆಗ್ಯುಲೇಟರ್ ಆಫ್ ಮಾಡಿ ಸಿಲಿಂಡರ್ ಆಚೆ ಇಟ್ಟೆವು. ಒಲೆಯನ್ನೂ ಎತ್ತಿಟ್ಟೆವು. ಕಿತ್ತಳೆ ಬಣ್ಣದ ಆ ಸುರಕ್ಷಾ ಟ್ಯೂಬಿನ ಆಯಸ್ಸು ಐದು ವರ್ಷ. ನಮ್ಮದು ಮುಗಿದಿತ್ತು, ಆ ನೆಪದಲ್ಲಿ ಹೊಸದು ಬಂತು. ಆಮೇಲೆ ಮಾವ ಅಡುಗೆಮನೆಯ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ಚನ್ನು ಇಳಿಸಿ, ಸಾಕೆಟ್ಟಿನಲ್ಲಿ ಟೆಸ್ಟರ್ ಇಟ್ಟು ನೋಡಿ, ಡ್ರಿಲ್ಲಿಗೆ ಹಾಲಿನಿಂದ ವೈರ್ ಎಳೆದುಕೊಟ್ಟರು. "ಸ್ವಿಚ್ ಬಾಕ್ಸಿನಿಂದ ನೆಟ್ಟಗೆ ಮೇಲಕ್ಕೆ, ನೆಟ್ಟಗೆ ಪಕ್ಕಕ್ಕೆ ಒಂದು ಗೇಣು ಜಾಗ ಬಿಟ್ಟು ತೂತು ಹಾಕು ಮಗಾ. ವೈರು ಆ ದಾರೀಲೇ ಹೋಗಿರುತ್ತೆ" ಅಂದರು. ಕರೆಂಟ್ ಆಫ್ ಇದ್ದರೂ ವೈರಿನ ಮೇಲೆ ಡ್ರಿಲ್ ಬಿದ್ದರೆ ಗೋಡೆ ಒಡೆದೇ ಸರಿಮಾಡಬೇಕು.

ಎತ್ತರದ ಗಲಾಟೆ ದೊಡ್ಡದು. ನಮ್ಮ ಚಿಮ್ನಿಯ ಪುಸ್ತಕದಲ್ಲಿ ಗ್ಯಾಸ್ ಒಲೆಗೆ 65ರಿಂದ 75 ಸೆಂಟಿಮೀಟರ್ ಅಂತರ ಅಂತಿತ್ತು. ಹುಡುಗ ಟೇಪನ್ನು ಕಟ್ಟೆಯಿಂದ ಹಿಡಿದು 65ಕ್ಕೆ ಗೆರೆ ಎಳೆದ. ಆದರೆ ಅಂತರ ಅಳೆಯಬೇಕಾದ್ದು ಒಲೆಯ ಮೇಲಿನ ಮಟ್ಟದಿಂದ. ನಮ್ಮ ಒಲೆಯೇ 11 ಸೆಂಟಿಮೀಟರ್ ಎತ್ತರ. ಅಂದರೆ ಅವನ ಗೆರೆಗೆ ಕೂರಿಸಿದ್ದರೆ ಉರಿಗೂ ಚಿಮ್ನಿಗೂ ನಡುವೆ ಉಳಿಯುತ್ತಿದ್ದದ್ದು 54. ಎಣ್ಣೆ ಜಿಡ್ಡು ಹಿಡಿದ ಜಾಲರಿ ಬೆಂಕಿಗೆ ಅಷ್ಟು ಹತ್ತಿರ ಇರಬಾರದು. ಜಾಸ್ತಿ ಮೇಲೆ ಹಾಕಿದರೆ ಹೊಗೆ ಪಕ್ಕಕ್ಕೆ ತಪ್ಪಿಸಿಕೊಳ್ಳುತ್ತೆ. ಅತ್ತೆ ಕುಳ್ಳಗೆ, ಇನ್ನೂ ಕೆಳಗೆ ಇರಲಿ ಅಂದರು. ನಮ್ಮನೆಯವರು ಉದ್ದ, ತಲೆಗೆ ಬಡಿಯುತ್ತೆ, ಮೇಲೆ ಇರಲಿ ಅಂದರು. ಅಡುಗೆಮನೆಗೆ ಕಾಲಿಡದವರ ತಲೆ ಲೆಕ್ಕಕ್ಕಿಲ್ಲ ಅಂತ ಹೇಳಿ ನಾನು 70ಕ್ಕೆ ಗೆರೆ ಹಾಕಿಸಿದೆ.

ಟೈಲ್ಸಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಮೋಡ್ ಹಾಕದೆ ನಿಧಾನವಾಗಿ ಕೊರೆದ. ಇದನ್ನು ಅವನು ನಿಜಕ್ಕೂ ಚೆನ್ನಾಗಿ ಮಾಡಿದ, ಒಂದು ಚಕ್ಕೆಯೂ ಏಳಲಿಲ್ಲ. ಹಳೆಯ ಇಟ್ಟಿಗೆ ಗೋಡೆ, ಸ್ಕ್ರೂ ಹಿಡಿಯುವ ಪ್ಲಗ್ ಗಟ್ಟಿಯಾಗಿ ಕೂತಿತು. ಈಗಿನ ಹಾಲೋ ಬ್ಲಾಕ್ ಗೋಡೆಗಳಲ್ಲಿ ಒಳಗೆ ಪೊಳ್ಳು ಸಿಕ್ಕಿ ಪ್ಲಗ್ ಸುಮ್ನೆ ಸುತ್ತುತ್ತೆ, ಅಲ್ಲಿ ಬೇರೆ ಥರದ ಫಾಸ್ಟನರ್ ಬೇಕು ಅಂತ ಅವನೇ ಹೇಳಿದ. ಚಿಮ್ನಿ ತೂಗುವುದು ಹದಿನೈದು ಕೆಜಿ ಹತ್ತಿರ. ಬ್ರಾಕೆಟ್ ಹಾಕಿದ ಮೇಲೆ ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದು ನೋಡಿದರು. ಅತ್ತೆ ಬೈದರು.

ಅಲ್ಯೂಮಿನಿಯಂ ಪೈಪಿಗೆ ಕ್ಲಾಂಪ್ ಬಿಗಿದು, ಕೀಲುಗಳಿಗೆ ಅಲ್ಯೂಮಿನಿಯಂ ಟೇಪನ್ನೇ ಸುತ್ತಿದರು. ಸಾಮಾನ್ಯ ಸೆಲ್ಲೋ ಟೇಪ್ ಆ ಶಾಖಕ್ಕೆ ಬಿಟ್ಟುಹೋಗುತ್ತೆ.

ಸಾಕೆಟ್ಟನ್ನು ಒಲೆಯ ನೇರಕ್ಕಲ್ಲ, ಪಕ್ಕಕ್ಕೆ ಮೇಲೆ ಹಾಕಿಸಿದ್ದರು. ಅರ್ತಿಂಗ್ ಇದೆಯೋ ಇಲ್ಲವೋ ಅಂತ ಮಾವನಿಗೆ ಗುಮಾನಿ. ಎಂಸಿಬಿ ಏರಿಸಿ, ಗೂಡಿನಿಂದ ತಮ್ಮ ಟೆಸ್ಟ್ ಲ್ಯಾಂಪ್ ತಂದರು, ಹೋಲ್ಡರಿಗೆ ಸಿಕ್ಕಿಸಿದ ಹಳೆಯ ನೂರು ವ್ಯಾಟಿನ ಗುಂಡು ಬಲ್ಬು. ಒಂದು ವೈರು ಫೇಸಿಗೆ, ಇನ್ನೊಂದು ಅರ್ತಿಗೆ. ಟಪ್! ಇಡೀ ಮನೆಯ ಕರೆಂಟ್ ಹೋಯಿತು. ಹುಡುಗ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ. ಮಾವನ ಮುಖದಲ್ಲಿ ಮಾತ್ರ ಪಾಸಾದ ಹುಡುಗನ ಖುಷಿ. ಬಲ್ಬಿನ ಮೂಲಕ ಅರ್ತಿಗೆ ಹರಿಯುವ ಕರೆಂಟ್ ಸುಮಾರು 400 ಮಿಲಿಆಂಪ್. ನಮ್ಮ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) 30 ಮಿಲಿಆಂಪಿಗೇ ಬೀಳುವಂಥದ್ದು. ಬಿತ್ತು ಅಂದರೆ ಅರ್ತ್ ವೈರು ತುಂಡಾಗಿಲ್ಲ, ಇಎಲ್‌ಸಿಬಿಯೂ ಎಚ್ಚರವಾಗಿದೆ. ಕಬ್ಬಿಣದ ಮೈ, ಒದ್ದೆ ಕೈ, ಕೆಳಗೆ ನೀರು ಚೆಲ್ಲಿದ ನೆಲ ಇರುವ ಜಾಗದಲ್ಲಿ ಇವೆರಡೂ ಬೇಕೇ ಬೇಕು. ಈ ಬಲ್ಬಿನ ಆಟವನ್ನು ನೀವು ಆಡಬೇಡಿ. ಮೂವತ್ತು ವರ್ಷ ಕಂಬ ಹತ್ತಿದವರಿಗೆ ಅದು ಸರಿ, ನಮಗೆ ಎಲೆಕ್ಟ್ರಿಷಿಯನ್ ಇದ್ದಾರೆ.

ಚಿಮ್ನಿ ಹಾಕಿದರು. ಕಾಗದದ ಚೂರು ಹಿಡಿದರೆ ಜಾಲರಿಗೆ ಅಂಟಿಕೊಂಡಿತು. ಹುಡುಗ ಸಹಿ ಹಾಕಿಸಿಕೊಂಡು ಚೀಲ ಕಟ್ಟತೊಡಗಿದ. ಅವನ ಪಾಲಿನ ಕೆಲಸ ಮುಗಿದಿತ್ತು. ಮಾವ, "ತಡಿ, ಒಂದು ಊದಿನಕಡ್ಡಿ ತಗೊಂಡು ಬಾಮ್ಮ" ಅಂದರು ನನಗೆ.

ಅವರ ಲೆಕ್ಕ ಹೀಗಿತ್ತು. ನಮ್ಮ ಅಡುಗೆಮನೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಹತ್ತು ಅಡಿ ಎತ್ತರ. ಅಲ್ಲಿಗೆ 800 ಘನ ಅಡಿ, ಅಂದರೆ ಸುಮಾರು 23 ಘನ ಮೀಟರ್ ಗಾಳಿ. ಡಬ್ಬದ ಮೇಲಿನ ಮಾತು ನಿಜವಾದರೆ ಈ ಚಿಮ್ನಿ ನಿಮಿಷಕ್ಕೆ 20 ಘನ ಮೀಟರ್ ಆಚೆ ಹಾಕುತ್ತೆ. ಪೈಪು, ತಿರುವು ಎಲ್ಲ ಸೇರಿ ಅದರ ಅರ್ಧವೇ ಎಳೆಯಿತು ಅಂದುಕೊಂಡರೂ, ಎರಡು ಮೂರು ನಿಮಿಷಕ್ಕೆ ಅಡುಗೆಮನೆಯ ಅಷ್ಟೂ ಗಾಳಿ ಖಾಲಿ. ಖಾಲಿಯಾದ ಜಾಗಕ್ಕೆ ಎಲ್ಲಿಂದಾದರೂ ಗಾಳಿ ಬರಲೇಬೇಕು. ಎಲ್ಲಿಂದ ಬರುತ್ತೆ?

ಕಿಟಕಿ ಮುಚ್ಚಿದೆವು. ಹಾಲಿನ ಕಡೆಯ ಬಾಗಿಲನ್ನೂ ಮುಚ್ಚಿದೆವು. ಯುಟಿಲಿಟಿ ಬಾಗಿಲು ಮಾತ್ರ ತೆರೆದಿತ್ತು, ಅದು ಯಾವಾಗಲೂ ತೆರೆದೇ ಇರುತ್ತೆ. ಚಿಮ್ನಿ ಜೋರಾಗಿ ಇಟ್ಟು ಗೀಸರಿನ ಮೇಲಿನ ಕಂಡಿಯ ಹತ್ತಿರ ಊದಿನಕಡ್ಡಿ ಹಿಡಿದೆ. ಹೊಗೆ ಮೇಲೆ ಏಳಲೇ ಇಲ್ಲ. ಅಡ್ಡಡ್ಡವಾಗಿ ಗೆರೆ ಎಳೆದ ಹಾಗೆ ಬಾಗಿಲು ದಾಟಿ ಅಡುಗೆಮನೆಗೆ ನುಗ್ಗಿತು.

ಎಲ್ಲರೂ ಒಂದು ಕ್ಷಣ ಸುಮ್ಮನಾದೆವು. ಪ್ರತಿ ಚಳಿಗಾಲ ಪೇಪರಿನಲ್ಲಿ ಗ್ಯಾಸ್ ಗೀಸರ್ ಸಾವಿನ ಸುದ್ದಿ ಓದುತ್ತೇವೆ. ಗಾಳಿ ಸಾಲದೆ ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಇನ್ನೂರು ಪಟ್ಟು ಹೆಚ್ಚು ಗಟ್ಟಿಯಾಗಿ ಕೂರುತ್ತೆ. ಬೆಳಿಗ್ಗೆ ಏಳರಿಂದ ಎಂಟರ ನಡುವೆ ನಮ್ಮ ಮನೆಯಲ್ಲಿ ಒಬ್ಬರು ಸ್ನಾನಕ್ಕೆ ಹೋಗಿರುತ್ತಾರೆ, ಗೀಸರ್ ಉರಿಯುತ್ತಿರುತ್ತೆ, ನಾನು ಒಗ್ಗರಣೆ ಹಾಕುತ್ತಿರುತ್ತೇನೆ, ಚಳಿಗೆ ಕಿಟಕಿ ಮುಚ್ಚಿರುತ್ತೆ. ಹೊಗೆ ಆಚೆ ಹೋಗಲಿ ಅಂತ ತಂದ ಯಂತ್ರ ಗೀಸರಿನ ಹೊಗೆಯನ್ನು ಒಳಗೆ ಕರೆದುಕೊಂಡು ಬರುತ್ತಿತ್ತು.

ಹುಡುಗನಿಗೂ ಇದು ಹೊಸದು. "ನಮಗೆ ಟ್ರೇನಿಂಗಲ್ಲಿ ಇದನ್ನ ಹೇಳಿಕೊಟ್ಟಿಲ್ಲ ಸಾರ್" ಅಂದ. ಫೋನಿನಲ್ಲಿ ವಿಡಿಯೋ ಮಾಡಿಕೊಂಡ. ಅವನ ಮೇಲೆ ಕೋಪ ಬರಲಿಲ್ಲ. ಫಿಟ್ಟಿಂಗ್ ಉಚಿತ ಅಂದಾಗ, ದಿನಕ್ಕೆ ಇಷ್ಟು ಮನೆ ಅಂತ ಲೆಕ್ಕ ಇದ್ದಾಗ, ಪಕ್ಕದ ರೂಮಿನಲ್ಲಿ ಏನಿದೆ ಅಂತ ನೋಡಲು ಅವನಿಗೆ ಹೊತ್ತಾದರೂ ಎಲ್ಲಿರುತ್ತೆ?

ಅಡುಗೆಮನೆಯ ಕಿಟಕಿಯನ್ನು ಅರ್ಧ ತೆರೆದು, ಯುಟಿಲಿಟಿ ಬಾಗಿಲು ಮುಚ್ಚಿ ಮತ್ತೆ ಕಡ್ಡಿ ಹಿಡಿದೆವು. ಈಗ ಹೊಗೆ ನೆಟ್ಟಗೆ ಮೇಲೆ ಹೋಯಿತು. ಕಿಟಕಿ ಎದುರಿಗೆ ಹಿಡಿದರೆ ಒಳಗೆ ಬಂತು. ಅಲ್ಲಿಂದ ಬರಬೇಕಾದ್ದೇ ಗಾಳಿ.

ಅತ್ತೆಗೆ ಇನ್ನೊಂದು ಸಮಾಧಾನ ಇತ್ತು. "ಇನ್ನು ಗ್ಯಾಸ್ ಲೀಕಾದ್ರೂ ಭಯ ಇಲ್ಲ, ಚಿಮ್ನಿ ಹಾಕಿದ್ರೆ ಎಳ್ಕೊಂಡು ಹೋಗುತ್ತೆ" ಅಂದರು. ಮಾವ ತಲೆ ಚಚ್ಚಿಕೊಂಡರು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತೆ, ಮೇಲಿರುವ ಚಿಮ್ನಿಗೆ ಎಟುಕಲ್ಲ. ಸ್ವಿಚ್ಚಿನ ಕಿಡಿಯೊಂದೇ ಸಾಕು. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆರೆದು ಆಚೆ ಬಂದು 1906ಕ್ಕೆ ಫೋನ್ ಮಾಡಬೇಕು. ಆ ನಂಬರನ್ನು ಅತ್ತೆ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಟ್ಟರು.

ಬಾಗಿಲು ಮುಚ್ಚಿ, ಕಿಟಕಿ ತೆಗಿ ಅಂತ ದಿನಾ ನೆನಪಿಟ್ಟುಕೊಳ್ಳುವುದು ಐದು ಜನರ ಮನೆಯಲ್ಲಿ ಆಗುವ ಮಾತಲ್ಲ. ಒಬ್ಬರಲ್ಲ ಒಬ್ಬರು ಮರೆಯುತ್ತಾರೆ. ಆ ತಿಂಗಳ ಕೊನೆಗೆ ಬಚ್ಚಲುಮನೆಗೆ ಕರೆಂಟ್ ಗೀಸರ್ ಬಂತು. ಹಳೆಯ ಗ್ಯಾಸ್ ಗೀಸರ್ ಚೆನ್ನಾಗೇ ಇದೆ, ಫೋಟೋ ಹಾಕಿ ಮಾರೋಣ, ಎರಡು ಸಾವಿರ ಬರುತ್ತೆ ಅಂದರು ನಮ್ಮನೆಯವರು. "ಯಾರೋ ತಗೊಂಡು ಹೋಗಿ ಕಿಟಕಿ ಇಲ್ಲದ ಬಚ್ಚಲಿಗೆ ಹಾಕ್ಕೊತಾರೆ" ಅಂತ ಮಾವ ಸ್ಪ್ಯಾನರ್ ತಂದು, ಅಂಗಳದಲ್ಲಿ ಕೂತು, ಬರ್ನರ್ ಒಂದು ಕಡೆ, ಡಬ್ಬ ಒಂದು ಕಡೆ ಬಿಚ್ಚಿಹಾಕಿದರು. ಗುಜರಿಯವನು ಇನ್ನೂರೈವತ್ತು ಅಂದ. ಒಳಗಿನ ತಾಮ್ರದ ಕೊಳವೆ ತೋರಿಸಿ ಮಾವ ಐನೂರಕ್ಕೆ ಪಟ್ಟು ಹಿಡಿದರು. ಕೊನೆಗೆ ನಾನೂರಕ್ಕೆ ಹೋಯಿತು.