ಹೆಬ್ಬಾಳದಿಂದ ಬೇಗೂರಿಗೆ, ಕಲ್ಲು ಓದುತ್ತಾ

ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ ಬಾವಿಯ ಪಕ್ಕ ಒಂದು ಚಪ್ಪಡಿ ಕಲ್ಲಿತ್ತು. ಅಮ್ಮ, ದೊಡ್ಡಮ್ಮ ಎಲ್ಲ ಅದರ ಮೇಲೇ ಬಟ್ಟೆ ಒಗೆಯುತ್ತಿದ್ದರು. ಕಲ್ಲಿನ ಒಂದು ಮೂಲೆಯಲ್ಲಿ ನಾಲ್ಕೈದು ಸಾಲು ಅಕ್ಷರ. ಸೋಪಿನ ನೊರೆ ಆ ಅಕ್ಷರಗಳ ಗುಳಿಯಲ್ಲಿ ನಿಂತಾಗ ಅವು ಬೆಳ್ಳಗೆ ಎದ್ದು ಕಾಣುತ್ತಿದ್ದವು. ನಾನು ಅವುಗಳ ಮೇಲೆ ಬೆರಳಾಡಿಸುತ್ತಾ ಕೂರುತ್ತಿದ್ದೆ. ಏನು ಬರೆದಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮುಂದೆ ಓದು, ಕೆಲಸ ಅಂತ ಬೆಂಗಳೂರು ಸೇರಿದೆ. ಒಂದು ಯುಗಾದಿಗೆ ಊರಿಗೆ ಹೋದಾಗ ಬಾವಿ ಮುಚ್ಚಿತ್ತು, ಅದರ ಮೇಲೆ ಸಿಮೆಂಟ್ ರಸ್ತೆ ಬಂದಿತ್ತು. ಕಲ್ಲು ಎಲ್ಲಿ ಎಂದರೆ ಯಾರೂ ಹೇಳಲಿಲ್ಲ.

ಆ ಕಲ್ಲಿನ ನೆನಪೇ ನನ್ನನ್ನು ಒಂದು ಭಾನುವಾರ ಬೆಳಗ್ಗೆ ಆರೂವರೆಗೆ ಹೆಬ್ಬಾಳಕ್ಕೆ ಕರೆದುಕೊಂಡು ಹೋಯಿತು.

ಬೆಂಗಳೂರಿನ ಶಾಸನಗಳನ್ನು ಹುಡುಕಿ ಉಳಿಸುವ ಕೆಲಸ ಕೆಲವು ವರ್ಷಗಳಿಂದ ಜೋರಾಗಿ ನಡೆಯುತ್ತಿದೆ. ಅದರ ಹಿಂದೆ ಇರುವುದು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ. 1909ರಲ್ಲಿ ಹುಟ್ಟಿದ, ಲಾಭದ ಆಸೆ ಇಲ್ಲದ ಹಳೆಯ ಸಂಸ್ಥೆ. 2021ರಲ್ಲಿ ಅವರು ಇಲ್ಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಯೋಜನೆ ಶುರು ಮಾಡಿದರು. ಆದರೆ ಸಂಸ್ಥೆ ಒಂದೇ ಇದ್ದರೆ ಇಷ್ಟು ಕೆಲಸ ಆಗುತ್ತಿರಲಿಲ್ಲ. ಎಂಜಿನಿಯರುಗಳು, ನಿವೃತ್ತ ಮೇಷ್ಟ್ರುಗಳು, ಕಾಲೇಜು ಹುಡುಗರು, ಲಿಪಿ ಬಲ್ಲ ತಜ್ಞರು, ವಾಸ್ತುಶಿಲ್ಪಿಗಳು, ಹೀಗೆ ಬೇರೆ ಬೇರೆ ದಾರಿಯವರು ಬಂದು ಹೆಗಲು ಕೊಟ್ಟಿದ್ದಾರೆ. ಅವತ್ತು ನನಗೆ ದಾರಿ ತೋರಿಸಲು ಒಪ್ಪಿದ್ದವರು ಇಬ್ಬರು. ಒಬ್ಬರು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬಳು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿ. ಇಬ್ಬರೂ ಬಿಡುವಿನ ದಿನಗಳಲ್ಲಿ ಕಲ್ಲು ಹುಡುಕುವವರು. ಯಾರೂ ಇವರಿಗೆ ಸಂಬಳ ಕೊಡುವುದಿಲ್ಲ.

ಹೆಬ್ಬಾಳದ ಮೇಲ್ಸೇತುವೆ ನಿಮಗೆ ಗೊತ್ತೇ ಇದೆ. ವಿಮಾನ ಹಿಡಿಯುವವರು, ಆಫೀಸಿಗೆ ಓಡುವವರು, ಎಲ್ಲರೂ ಅಲ್ಲಿ ನಿಂತು ಬೇಸರಪಟ್ಟವರೇ. ಆ ಗದ್ದಲದಿಂದ ಸ್ವಲ್ಪ ದೂರದಲ್ಲಿ, ಹಳೆಯ ಊರಿನೊಳಗೆ, ಬೆಂಗಳೂರಿನಲ್ಲಿ ಇದುವರೆಗೆ ಸಿಕ್ಕ ಅತಿ ಹಳೆಯ ಕನ್ನಡ ಶಾಸನ ಇದೆ. 2018ರಲ್ಲಿ ನೆಲ ಅಗೆಯುವಾಗ ಸಿಕ್ಕ ವೀರಗಲ್ಲು. ಕಾಲ ಸುಮಾರು ಕ್ರಿ.ಶ. 750. ಸಾವಿರದ ಇನ್ನೂರೈವತ್ತಕ್ಕೂ ಜಾಸ್ತಿ ವರ್ಷ!

ಸಿಕ್ಕಿದ್ದು ಸಿಕ್ಕಿತು, ಆಮೇಲೆ? ಇಲ್ಲೇ ಸಾಮಾನ್ಯವಾಗಿ ಕಥೆ ಮುಗಿದುಹೋಗುತ್ತದೆ. ಕಲ್ಲು ಇನ್ನಾವುದೋ ಪಾಯಕ್ಕೆ ಸೇರುತ್ತದೆ. ಹೆಬ್ಬಾಳದಲ್ಲಿ ಹಾಗಾಗಲಿಲ್ಲ. ಸುತ್ತಲಿನ ಜನ ಕೂಡಿದರು, ದುಡ್ಡು ಹಾಕಿದರು. ಗಂಗರ ಕಾಲದ ಶೈಲಿಯಲ್ಲಿ ಒಂದು ಕಲ್ಲಿನ ಮಂಟಪಕ್ಕೆ ವಾಸ್ತುಶಿಲ್ಪಿಯೊಬ್ಬರು ನಕ್ಷೆ ಮಾಡಿದರು. ಈಗ ಶಾಸನ ಆ ಮಂಟಪದಲ್ಲಿ ನೆರಳಲ್ಲಿದೆ.

ಮೇಷ್ಟ್ರು ಚಪ್ಪಲಿ ಬಿಟ್ಟು ಹತ್ತಿರ ಹೋದರು. ನನಗೆ ಮೊದಲು ಕಂಡಿದ್ದು ಬರೀ ಒರಟು ಕಲ್ಲು. “ನೇರ ನೋಡಬೇಡಿ, ಪಕ್ಕದಿಂದ ನೋಡಿ” ಎಂದರು. ಹುಡುಗಿ ಮೊಬೈಲಿನ ಟಾರ್ಚ್ ಹಾಕಿ ಕಲ್ಲಿನ ಅಂಚಿಗೆ ಸಮನಾಗಿ, ಅಡ್ಡಲಾಗಿ ಹಿಡಿದಳು. ಗುಳಿಗಳಲ್ಲಿ ನೆರಳು ತುಂಬಿತು. ಅಕ್ಷರಗಳು ಒಂದೊಂದಾಗಿ ಎದ್ದವು. ನಮ್ಮೂರ ಕಲ್ಲಿನ ಮೇಲೆ ಸೋಪಿನ ನೊರೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನೆರಳು ಮಾಡುತ್ತಿತ್ತು. ನನಗೆ ಗಂಟಲು ಕಟ್ಟಿತು.

ಗಂಗರ ದೊರೆ ಶ್ರೀಪುರುಷ ಮಹಾರಾಜ ಆಳುತ್ತಿದ್ದಾಗ ಎಂದು ಶುರುವಾಗುತ್ತದೆ. ‘ಪೆರ್ಬೊಳಲ್ನಾಡು ಮೂವತ್ತು’, ಅಂದರೆ ಮೂವತ್ತು ಹಳ್ಳಿಗಳ ನಾಡು, ಎಂಬ ಹೆಸರು ಬರುತ್ತದೆ. ಪೆರ್ಬೊಳಲ್ ಎಂದರೆ ದೊಡ್ಡ ಪೊಳಲು, ದೊಡ್ಡ ಪಟ್ಟಣ. ಅದೇ ಸವೆದು ಸವೆದು ಹೆಬ್ಬಾಳ ಆಗಿದೆ. ಕಿತ್ತಯ ಎಂಬವನು ಹೋರಾಡಿ ಸತ್ತ ಎಂಬುದು ಮುಖ್ಯ ಸುದ್ದಿ. ಅವನು ರಾಜನಲ್ಲ, ಮಂತ್ರಿಯಲ್ಲ. ಊರಿನವನು. ಊರಿಗೆ ಕಷ್ಟ ಬಂದಾಗ ಎದುರು ನಿಂತವನು. ಮೇಷ್ಟ್ರು ಗಟ್ಟಿಯಾಗಿ ಓದಿದರು. ಈಗ ನಾವು ಬಿಟ್ಟೇಬಿಟ್ಟಿರುವ ೞ, ಱ ಅಕ್ಷರಗಳನ್ನು ಅವರು ನಾಲಿಗೆ ಮಡಚಿ ಉಚ್ಚರಿಸುವುದನ್ನು ಕೇಳುವುದೇ ಒಂದು ಸುಖ.

ಹೂವಿನ ಬುಟ್ಟಿ ಹಿಡಿದು ಹೋಗುತ್ತಿದ್ದ ಅಜ್ಜಿಯೊಬ್ಬರು ನಿಂತರು. “ಏನಪ್ಪಾ ಅದು, ಮಂತ್ರಾನಾ?” ಎಂದರು.

“ಅಲ್ಲಮ್ಮ, ನಿಮ್ಮೂರಿನ ಹುಡುಗನೊಬ್ಬನ ಕಥೆ” ಎಂದು ಮೇಷ್ಟ್ರು ಆಡುಮಾತಿನಲ್ಲಿ ಎಲ್ಲ ಹೇಳಿದರು. ಅಜ್ಜಿ ಪೂರ್ತಿ ಕೇಳಿದರು. ಹೆಸರನ್ನು ಎರಡು ಸಲ ಹೇಳಿಸಿಕೊಂಡರು. ಬುಟ್ಟಿಯಿಂದ ಒಂದು ಮೊಳ ಸೇವಂತಿಗೆ ತೆಗೆದು ಕಲ್ಲಿನ ಮುಂದಿಟ್ಟು ಹೋದರು.

ಇವರಿಬ್ಬರ ಕೆಲಸದ ರೀತಿ ನೋಡಿ ನಾನು ಬಹಳ ಕಲಿತೆ. ಕಲ್ಲು ತೊಳೆಯಲು ಬರೀ ನೀರು, ಮೆತ್ತನೆ ನಾರಿನ ಬ್ರಷ್. ತಂತಿ ಬ್ರಷ್ ಮುಟ್ಟಿಸುವಂತಿಲ್ಲ, ಆಸಿಡ್ ಹಾಕುವಂತಿಲ್ಲ. ಅಕ್ಷರ ಕಾಣಲಿ ಎಂದು ಪೇಂಟ್ ತುಂಬುವುದಂತೂ ದೊಡ್ಡ ತಪ್ಪು. ಮೊದಲೆಲ್ಲ ಪಡಿಯಚ್ಚು ತೆಗೆಯುತ್ತಿದ್ದರು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಬಡಿದು ಗುಳಿಗಳೊಳಗೆ ಇಳಿಸಿ, ಮೇಲೆ ಮಸಿ ಒತ್ತುವುದು. ಆಗ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಮೂಡುತ್ತದೆ. ಈಗ ಸ್ಕ್ಯಾನರ್ ಬಂದಿದೆ. ಅದು ಕಲ್ಲಿನ ಮೇಲೆ ಬೆಳಕು ಬಿಟ್ಟು ಮೇಲ್ಮೈಯ ಉಬ್ಬುತಗ್ಗನ್ನೆಲ್ಲ ಅಳೆಯುತ್ತದೆ, ಕಲ್ಲನ್ನು ಮುಟ್ಟುವುದೇ ಇಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಆ ಕಲ್ಲನ್ನು ಹೇಗೆ ಬೇಕಾದರೂ ತಿರುಗಿಸಬಹುದು, ಎಲ್ಲಿಂದ ಬೇಕಾದರೂ ಬೆಳಕು ಹಾಕಬಹುದು. ಬರಿಗಣ್ಣಿಗೆ ಸವೆದುಹೋಗಿದೆ ಎನಿಸಿದ ಸಾಲು ಅಲ್ಲಿ ಓದಲು ಸಿಗುತ್ತದೆ.

ಹುಡುಗಿ ಒಂದು ಮಾತು ಹೇಳಿದಳು. “ಸ್ಕ್ಯಾನ್ ಮಾಡೋದು ನಮಗೆ ಬರುತ್ತೆ ಸರ್. ಓದೋಕೆ ಮೇಷ್ಟ್ರಂಥವರೇ ಬೇಕು. ಅವರು ಓದಿದ್ದು ಸರಿಯಾ ಅಂತ ನೋಡೋಕೆ ದೊಡ್ಡ ವಿದ್ವಾಂಸರು ಬೇಕು. ಒಬ್ಬರಿಂದ ಆಗೋ ಕೆಲಸ ಅಲ್ಲ ಇದು.” ಸ್ಕ್ಯಾನ್‌ನಲ್ಲಿ ಸಿಕ್ಕ ಅಕ್ಷರಗಳನ್ನೆಲ್ಲ ಒಂದು ಕಡೆ ಕೂಡಿಸಿಟ್ಟ ‘ಅಕ್ಷರ ಭಂಡಾರ’ ಎಂಬ ತಂತ್ರಾಂಶವೂ ಇದೇ ಯೋಜನೆಯಿಂದ ಹೊರಬಂದಿದೆ. ಹಳಗನ್ನಡ ಲಿಪಿ ಕಲಿಯುವವರಿಗೆ ಅದು ದೊಡ್ಡ ಆಸರೆ.

ಹೆಬ್ಬಾಳದಲ್ಲೇ ಇಡ್ಲಿ, ಕಾಫಿ ಮುಗಿಸಿ ಹೊರವರ್ತುಲ ರಸ್ತೆಯ ಬಸ್ ಹತ್ತಿದೆವು. ದಿನದ ಪಾಸ್ ತಗೊಂಡಿದ್ದೆವು. ಮೇಷ್ಟ್ರ ಚೀಲದಲ್ಲಿ ಶಾಸನಗಳ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೇ ಸಂಪುಟದ ಕೆಲವು ಹಾಳೆಗಳ ಜೆರಾಕ್ಸ್. 1905ರಲ್ಲಿ ಬಂದ ಪುಸ್ತಕ. ಮಾಡಿದವರು ಬಿ.ಎಲ್. ರೈಸ್. ಅವರು ಹುಟ್ಟಿದ್ದೂ ಬೆಂಗಳೂರಿನಲ್ಲೇ, 1837ರಲ್ಲಿ. ಅವರೂ ಅವರ ಸಹಾಯಕರೂ ಊರೂರು ಸುತ್ತಿ ಶಾಸನಗಳ ಪಾಠ, ಅಂದರೆ ಅವುಗಳಲ್ಲಿರುವ ಬರಹ, ಬರೆದಿಟ್ಟಿದ್ದರಿಂದಲೇ ಇವತ್ತು ಹುಡುಕಲು ಒಂದು ಪಟ್ಟಿ ಇದೆ. ಸ್ವಯಂಸೇವಕರು ಆ ಪಟ್ಟಿ ಹಿಡಿದು ಊರಿಗೆ ಹೋಗಿ, ‘ಇಂಥ ಕಡೆ ಒಂದು ಕಲ್ಲಿತ್ತಂತೆ’ ಎಂದು ಕೇಳುತ್ತಾರೆ. ಕೆಲವು ಸಿಗುತ್ತವೆ. ಬಹಳಷ್ಟು ಸಿಗುವುದಿಲ್ಲ. ರೈಸ್ ನೋಡಿದ ಹೊಲ ಈಗ ಅಪಾರ್ಟ್‌ಮೆಂಟ್, ಅವರು ನೋಡಿದ ಕೆರೆ ಏರಿ ಈಗ ಮುಖ್ಯರಸ್ತೆ. ಸಿಗದ ಕಲ್ಲಿನ ಪಾಠ ಮಾತ್ರ ಪುಸ್ತಕದಲ್ಲಿ ಉಳಿದಿದೆ.

ವಿಭೂತಿಪುರದ ಕೆರೆಯ ಏರಿ ಮೇಲೆ ನಿಂತು ಮೇಷ್ಟ್ರು 1307ರ ಶಾಸನದ ಸಾರ ಓದಿದರು. ಹೊಯ್ಸಳ ಮೂರನೇ ಬಲ್ಲಾಳನ ಕಾಲ, ಭಾಷೆ ತಮಿಳು. ಕಾಡು ಕಡಿದು, ನೆಲ ಸಮ ಮಾಡಿ, ಊರು ಕಟ್ಟಿ, ಮಣ್ಣು ಅಗೆದು ಕೆರೆ ಮಾಡಿದ ಕಥೆ ಅದರಲ್ಲಿದೆ. ಕಣ್ಣ ಮುಂದೆ ಕೆರೆ, ಕಿವಿಯಲ್ಲಿ ಅದು ಹುಟ್ಟಿದ ಸುದ್ದಿ. ಬೆಂಗಳೂರಿನ ಕೆರೆಗಳ ಬಗ್ಗೆ ಭಾಷಣ ಮಾಡುವವರೆಲ್ಲ ಒಮ್ಮೆ ಇಲ್ಲಿ ನಿಂತು ಇದನ್ನು ಕೇಳಬೇಕು ಅಂತ ನನಗನಿಸಿತು. ಅಗರದ ಸುಮಾರು 870ರ ಶಾಸನದಲ್ಲೂ ಇದೇ ಮಾತು: ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು (ನೀರು ಹೊರಬಿಡುವ ಕಿಂಡಿ) ಇಡಿಸಿದ, ಇನ್ನೊಂದು ಕೆರೆ ಕಟ್ಟಿಸಿದ. ಒಂಬತ್ತನೇ ಶತಮಾನದಲ್ಲಿ ತೂಬು ಇಡಿಸುವುದು ಕಲ್ಲಿನಲ್ಲಿ ಬರೆದಿಡುವಷ್ಟು ದೊಡ್ಡ ಕೆಲಸ!

ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯಲ್ಲಿ ಹತ್ತು ನಿಮಿಷ ಇದ್ದೆವು, ಬಾಗಿಲು ಹಾಕುವ ಹೊತ್ತಾಗಿತ್ತು. ಮಡಿವಾಳಕ್ಕೆ ಬಂದಾಗ ಮಧ್ಯಾಹ್ನ ಎರಡೂವರೆ. ಸೋಮೇಶ್ವರ ದೇವಸ್ಥಾನದ ಗೋಡೆಯ ಕಲ್ಲುಗಳ ಮೇಲೆ ತಮಿಳು ಬರಹ ಇದೆ. 1247ರ ಒಂದು ಶಾಸನದಲ್ಲಿ ‘ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿ’ ಎಂಬ ಮಾತು ಬರುತ್ತದೆ. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲು! ಕನ್ನಡ ಶಾಸನ, ತಮಿಳು ಶಾಸನ ಎಂದು ಈ ಸ್ವಯಂಸೇವಕರು ಭೇದ ಮಾಡುವುದಿಲ್ಲ. ತಮಿಳು ಲಿಪಿ ಬಲ್ಲವರನ್ನು ಹುಡುಕಿ ಕರೆತಂದು ಓದಿಸುತ್ತಾರೆ. ನಮ್ಮ ಊರಿನ ಕಥೆ ಎರಡು ಭಾಷೆಯಲ್ಲಿದ್ದರೆ ಎರಡನ್ನೂ ಕಾಪಾಡಬೇಕು, ಅಲ್ವಾ? ಇದು ನನಗೆ ತುಂಬಾ ಹಿಡಿಸಿತು.

ಸಂಜೆ ಬೇಗೂರು ತಲುಪಿದೆವು. ಹೊಸೂರು ರಸ್ತೆಯಿಂದ ಒಳಗೆ ಹೋಗುವ ದಾರಿಯ ಟ್ರಾಫಿಕ್ ನೆನೆಸಿಕೊಂಡರೆ ಈಗಲೂ ಸುಸ್ತಾಗುತ್ತದೆ. ಆದರೆ ನಾಗೇಶ್ವರ ದೇವಸ್ಥಾನದ ಅಂಗಳಕ್ಕೆ ಕಾಲಿಟ್ಟರೆ ತಂಪು. ಗಂಗರ ಕಾಲದಲ್ಲಿ ಇಲ್ಲಿ ನಾಗತ್ತರ ಎಂಬ ನಾಯಕ ಇದ್ದ. ಆಗ ಊರಿನ ಹೆಸರು ಬೆಂಪೂರು. ನಾಗತ್ತರ ಯುದ್ಧದಲ್ಲಿ ಸತ್ತ ಕಥೆ ಇರುವ ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅದರಲ್ಲಿ ಕೆತ್ತಿದ ಕಾಳಗದ ದೃಶ್ಯವನ್ನು ಎಷ್ಟು ಹೊತ್ತು ನೋಡಿದರೂ ಸಾಲದು. ಅವನ ಮಗಳು ತೊಂಡಬ್ಬೆ ಸಲ್ಲೇಖನ, ಅಂದರೆ ಜೈನರ ಉಪವಾಸದ ವ್ರತ, ಹಿಡಿದು ಪ್ರಾಣ ಬಿಟ್ಟ ನೆನಪಿನ ಕಲ್ಲೂ ಇದೇ ಬೇಗೂರಿನದು.

ನಾವು ನೋಡಲು ಬಂದಿದ್ದು ಬೇರೆ. ಸುಮಾರು 890ರ ಒಂದು ಸಣ್ಣ ಬರಹ. ‘ಬೆಂಗಳೂರ ಕಾಳಗ’ದಲ್ಲಿ ನಾಗತ್ತರನ ಕಡೆಯವನೊಬ್ಬ ಸತ್ತ ಎಂದು ಅದರಲ್ಲಿದೆ. ಬೆಂಗಳೂರು ಎಂಬ ಹೆಸರು ಕಲ್ಲಿನ ಮೇಲೆ ಇಷ್ಟು ಹಿಂದೆಯೇ ಇದೆ. ಬಲ್ಲಾಳರಾಯನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಆಯಿತು ಎಂದು ಸ್ಕೂಲಿನಲ್ಲಿ ಕೇಳಿದ್ದೆ. ನನ್ನ ಮಗಳಿಗೂ ಅದೇ ಹೇಳಿದ್ದೆ. ಬಲ್ಲಾಳ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಈ ಹೆಸರು ಇತ್ತು ಎಂದು ಈ ಕಲ್ಲು ಹೇಳುತ್ತದೆ.

ಮೇಷ್ಟ್ರು ನನ್ನ ಕೈ ಹಿಡಿದು ಬೆರಳನ್ನು ಅಕ್ಷರದ ಹತ್ತಿರ ತಂದು, ಮುಟ್ಟಿಸದೆ, ಗಾಳಿಯಲ್ಲೇ ತಿದ್ದಿಸಿದರು. “ಇದು ಬ. ತಲೆಕಟ್ಟು ಇಲ್ಲಿದೆ ನೋಡಿ. ಇದು ಳ.” ನಲವತ್ತಾರನೇ ವಯಸ್ಸಿನಲ್ಲಿ ಮತ್ತೆ ಅಕ್ಷರಾಭ್ಯಾಸ. ಅಂಗಳದಲ್ಲಿ ಆಡುತ್ತಿದ್ದ ಮೂವರು ಹುಡುಗರು ಬಂದು ಸುತ್ತ ನಿಂತರು. ಅವರಿಗೂ ತೋರಿಸಿದರು. ಒಬ್ಬ ಹುಡುಗ ಕೇಳಿದ, “ಇದು ನಮ್ಮ ಬೆಂಗಳೂರೇನಾ ಸರ್?” ಮೇಷ್ಟ್ರು ಹೌದು ಎಂದರು. ಅವನು ಓಡಿ ಹೋಗಿ ಇನ್ನಿಬ್ಬರನ್ನು ಕರೆತಂದ. ಈ ಸಲ ತೋರಿಸಿದ್ದು ಅವನೇ. ಬ ಎಲ್ಲಿದೆ, ಳ ಎಲ್ಲಿದೆ ಎಂದು ಸರಿಯಾಗಿ ಹೇಳಿದ.

“ಇನ್ನು ಈ ಕಲ್ಲಿಗೆ ಕಾವಲು ಸಿಕ್ತು” ಎಂದರು ಮೇಷ್ಟ್ರು, ನನ್ನ ಕಡೆ ತಿರುಗಿ. ಸ್ಕ್ಯಾನ್ ಇದ್ದರೂ, ಮಂಟಪ ಇದ್ದರೂ, ಪಕ್ಕದ ಮನೆಯ ಹುಡುಗನಿಗೆ ಆ ಕಲ್ಲು ಏನು ಹೇಳುತ್ತದೆ ಎಂದು ಗೊತ್ತಿಲ್ಲದಿದ್ದರೆ ಅದು ಉಳಿಯುವುದಿಲ್ಲ ಎಂಬುದು ಅವರ ನಂಬಿಕೆ. ನಮ್ಮೂರ ಬಾವಿ ಕಲ್ಲು ಹೋಗಿದ್ದು ಹಾಗೇ. ಯಾರೂ ಕೆಟ್ಟ ಮನಸ್ಸಿನಿಂದ ಅದನ್ನು ಹೂಳಲಿಲ್ಲ. ನಮಗೆ ಓದಿ ಹೇಳುವವರು ಇರಲಿಲ್ಲ.

ವಾಪಸ್ ಬರುವಾಗ ಬಸ್ಸಿನಿಂದಲೇ ಊರಿಗೆ ಫೋನ್ ಮಾಡಿದೆ.

“ಚಿಕ್ಕಪ್ಪ, ಬಾವಿ ಹತ್ರ ಇದ್ದ ಕಲ್ಲಿನ ಥರ ಬೇರೆ ಯಾವುದಾದ್ರೂ ಇದೆಯಾ ನಮ್ಮೂರಲ್ಲಿ? ಅಕ್ಷರ ಇರೋದು?”

ಚಿಕ್ಕಪ್ಪ ಸ್ವಲ್ಪ ಹೊತ್ತು ಯೋಚಿಸಿದರು. “ಕೆರೆ ಹಿಂದಿನ ತೋಟದ ಬದುವಲ್ಲಿ ಒಂದು ಇರಬೇಕು ಕಣಪ್ಪ. ಅರ್ಧ ಮಣ್ಣಲ್ಲಿದೆ. ಯಾಕೆ?”

“ಮುಂದಿನ ಭಾನುವಾರ ಬರ್ತೀನಿ. ಜೊತೆಗೆ ಇಬ್ಬರು ಬರ್ತಾರೆ. ಅಲ್ಲಿವರೆಗೆ ಯಾರೂ ಅಗೆಯದ ಹಾಗೆ ನೋಡ್ಕೊಳ್ಳಿ.”

“ಊಟಕ್ಕೆ ಮುದ್ದೆ ಮಾಡ್ಸ್ಲಾ?” ಎಂದರು ಚಿಕ್ಕಪ್ಪ.

ಮುಂದಿನ ಸೀಟಿನಲ್ಲಿದ್ದ ಮೇಷ್ಟ್ರು ಆಗಲೇ ತಮ್ಮ ಪುಸ್ತಕದಲ್ಲಿ ನಮ್ಮೂರಿನ ಹೆಸರು ಬರೆದುಕೊಳ್ಳುತ್ತಿದ್ದರು.