ಹೊಸ ಬ್ಯಾಟರಿಗೆ ಮುಂಚೆ ಹತ್ತರ ಪಾನಾ

ಭಾನುವಾರ ಬೆಳಗ್ಗೆ ಏಳು ಗಂಟೆ, ದಾವಣಗೆರೆಯ ವಿದ್ಯಾನಗರ. ಮನೆ ಮುಂದೆ ಹಳೆಯ ಸಣ್ಣ ಪೆಟ್ರೋಲ್ ಕಾರೊಂದು ಮೊಂಡು ಹಿಡಿದು ನಿಂತಿದೆ. ಚಿತ್ರದುರ್ಗದಲ್ಲಿ ಗೃಹಪ್ರವೇಶ, ಅರವತ್ತು ಕಿಲೋಮೀಟರ್ ದಾರಿ. ಸೀರೆ ಉಟ್ಟವರೆಲ್ಲ ಹಿಂದಿನ ಸೀಟಿನಲ್ಲಿ ಕೂತಾಗಿದೆ. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಚೆನ್ನಾಗಿಯೇ ಬರುತ್ತವೆ. ಸೆಲ್ಫ್ ಹೊಡೆದರೆ ಮಾತ್ರ ಟಿಕ್‌ಟಿಕ್‌ಟಿಕ್‌ಟಿಕ್. ಎದುರು ಮನೆಯವರು ಗೇಟಿನಲ್ಲೇ ನಿಂತು ತೀರ್ಪು ಕೊಟ್ಟರು: “ಬ್ಯಾಟ್ರಿ ಹೋಗೇತಿ ಬಿಡ್ರಿ ಅಣ್ಣಾ, ಹೊಸದು ಹಾಕ್ಸಿಬಿಡ್ರಿ.”

ಟಿಕ್‌ಟಿಕ್ ಅಂದಾಕ್ಷಣ ಬ್ಯಾಟರಿಗೆ ತಿಥಿ ಮಾಡಬೇಕಿಲ್ಲ. ಆ ಸದ್ದು ಸೆಲ್ಫ್ ಮೋಟಾರಿನ ಸೊಲೆನಾಯ್ಡಿನದು, ಅಂದರೆ ಮೋಟಾರಿಗೆ ಕರೆಂಟ್ ಹರಿಸುವ ವಿದ್ಯುತ್ ಅಯಸ್ಕಾಂತದ ಸ್ವಿಚ್ಚಿನದು. ಅದು ಎಳೆದುಕೊಳ್ಳುತ್ತದೆ, ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಕೇಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಕೈಬಿಡುತ್ತದೆ. ಭಾರ ಇಳಿದ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಕುಸಿತಕ್ಕೆ ಕಾರಣ ಬ್ಯಾಟರಿ ಖಾಲಿಯಾಗಿರುವುದೂ ಇರಬಹುದು, ಬ್ಯಾಟರಿಯಿಂದ ಮೋಟಾರಿಗೆ ಹೋಗುವ ದಾರಿ ಕೆಟ್ಟಿರುವುದೂ ಇರಬಹುದು. ಮೊದಲನೆಯದಕ್ಕೆ ಸಾವಿರಗಟ್ಟಲೆ ಖರ್ಚು, ಎರಡನೆಯದಕ್ಕೆ ಉಪ್ಪುಕಾಗದದ ಒಂದು ಚೂರು ಸಾಕು.

ಯಾವುದು ಎಂದು ಮಲ್ಟಿಮೀಟರ್ ಎರಡು ನಿಮಿಷದಲ್ಲಿ ಹೇಳುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್, 12.2 ಅಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಬಂದರೆ ಖಾಲಿ ಎಂದೇ ಲೆಕ್ಕ. ಈ ಕಾರಿನದು 12.5 ಇತ್ತು. ಹಾಗಾದರೆ ಮುಂದಿನ ಪರೀಕ್ಷೆ: ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಸೀಸದ ಗೂಟದ ನೆತ್ತಿಗೆ, ಇನ್ನೊಂದನ್ನು ಅದೇ ಗೂಟವನ್ನು ಅಪ್ಪಿರುವ ಕ್ಲಾಂಪಿಗೆ ಒತ್ತಿ ಹಿಡಿದು, ಇನ್ನೊಬ್ಬರ ಕೈಲಿ ಸೆಲ್ಫ್ ಹೊಡೆಸುವುದು. ಒಂದಕ್ಕೊಂದು ಅಂಟಿಕೊಂಡಿರುವ ಎರಡು ಲೋಹದ ನಡುವೆ ಎಷ್ಟು ವೋಲ್ಟೇಜ್ ಇರಬೇಕು? ಹೆಚ್ಚುಕಡಿಮೆ ಸೊನ್ನೆ, ಅರ್ಧ ವೋಲ್ಟ್ ದಾಟಿದರೆ ಸಂಪರ್ಕ ಕೆಟ್ಟಿದೆ. ಇಲ್ಲಿ ಪ್ಲಸ್ ಕಡೆ ಮೀಟರ್ ನಾಲ್ಕು, ಐದು ಎಂದು ಕುಣಿಯಿತು. ಬ್ಯಾಟರಿ ಕೊಡುತ್ತಿದ್ದದ್ದನ್ನು ಕ್ಲಾಂಪೇ ನುಂಗುತ್ತಿತ್ತು. ಮೀಟರ್ ಇಲ್ಲದಿದ್ದರೆ ನಾಲ್ಕಾರು ಸಲ ಸೆಲ್ಫ್ ಹೊಡೆದು, ಕ್ಲಾಂಪಿಗೆ ಬೆರಳಿನ ಹಿಂಬದಿ ತಾಗಿಸಿ ನೋಡಬಹುದು. ಕೆಟ್ಟ ಸಂಪರ್ಕ ಬಿಸಿಯಾಗಿರುತ್ತದೆ.

ಮೇಲುನೋಟಕ್ಕೆ ಕ್ಲಾಂಪ್ ಮೇಲೆ ಸುಣ್ಣದ ಪುಡಿಯಂಥ ಬೂಷ್ಟು, ತಾಮ್ರದ ತಂತಿ ಕಾಣುವಲ್ಲಿ ತಿಳಿ ಹಸಿರು. ಆಸಿಡ್ ಆವಿ ಗೂಟದ ಬುಡದಲ್ಲಿ ಜಿನುಗಿ ಲೋಹದ ಜೊತೆ ಸೇರಿ ಆಗುವ ಸಲ್ಫೇಟ್ ಅದು. ಹೊರಗಿನ ಬೂಷ್ಟು ಕೊಳಕಷ್ಟೇ. ತೊಂದರೆ ಕೊಡುವುದು ಗೂಟಕ್ಕೂ ಕ್ಲಾಂಪಿಗೂ ನಡುವೆ ಕೂತ ಕಪ್ಪು ಪದರ, ಅದು ಬಿಚ್ಚದೆ ಕಾಣುವುದಿಲ್ಲ. ಮೇಲಿಂದ ಬಿಸಿನೀರು ಸುರಿದು “ಕ್ಲೀನ್ ಆತು” ಅಂದವರ ಗಾಡಿ ವಾರದಲ್ಲಿ ಮತ್ತೆ ಟಿಕ್‌ಟಿಕ್ ಅನ್ನುವುದು ಇದಕ್ಕೇ.

ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕಾರಿನ ಬಾಡಿಯೆಲ್ಲ ಮೈನಸ್. ಮೈನಸ್ ತಂತಿ ಇರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಪಾನಾ ಎಲ್ಲಾದರೂ ಬಾಡಿಗೆ ತಗುಲಿದರೆ ಕಿಡಿ ಹಾರಿ ಪಾನಾ ಅಲ್ಲೇ ಬೆಸುಗೆಯಾದೀತು. ಸಾಮಾನ್ಯವಾಗಿ ಹತ್ತರ (ಹತ್ತು ಮಿಲಿಮೀಟರಿನ) ಪಾನಾ ಸಾಕು. ಕ್ಲಾಂಪ್ ಬರದಿದ್ದರೆ ಸುತ್ತಿಗೆ ಬೇಡ, ಒಳಗಿನ ಪ್ಲೇಟಿನ ಸಂಪರ್ಕ ಮುರಿಯುತ್ತದೆ. ಬೋಲ್ಟ್ ಪೂರ್ತಿ ಸಡಿಲಿಸಿ, ಕ್ಲಾಂಪಿನ ಬಾಯಿಯನ್ನು ಸ್ಕ್ರೂಡ್ರೈವರಿನಿಂದ ಚೂರು ಅಗಲಿಸಿ, ಎಡಬಲ ತಿರುಚಿ ಎತ್ತಬೇಕು. ಒಂದು ಲೋಟ ಬಿಸಿನೀರಿಗೆ ದೊಡ್ಡ ಚಮಚ ಅಡುಗೆ ಸೋಡಾ ಕದಡಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಬುಸುಬುಸು ನೊರೆ ಬರುತ್ತದೆ. ನೊರೆ ನಿಂತರೆ ಆಸಿಡ್ ಸತ್ತಿತು. ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ನೀರು ಒಳಗಿಳಿದರೆ ಒಳಗಿನ ಆಸಿಡ್ಡೂ ಸಾಯುತ್ತದೆ. ತೊಳೆದು ಒರೆಸಿ, ಉಪ್ಪುಕಾಗದವನ್ನು ಬೆರಳಿಗೆ ಸುತ್ತಿ ಕ್ಲಾಂಪಿನ ಒಳಮೈಯನ್ನೂ ಗೂಟದ ಸುತ್ತನ್ನೂ ಸೀಸ ಬೆಳ್ಳಗೆ ಹೊಳೆಯುವವರೆಗೆ ಉಜ್ಜಬೇಕು. ಗೂಟ ಸವೆದು ಕ್ಲಾಂಪ್ ಸಡಿಲವಾಗಿದ್ದರೆ ಕೆಲವರು ಮೊಳೆ ಬಡಿಯುತ್ತಾರೆ. ಆ ಕ್ಷಣಕ್ಕೆ ಬಿಗಿಯೆನಿಸಿದರೂ ಮೆತ್ತನೆ ಸೀಸವನ್ನು ಕೊರೆದು ಒಂದೇ ಗೆರೆಯಲ್ಲಿ ತಾಗುತ್ತದೆ. ತೆಳು ಸೀಸದ ಪಟ್ಟಿಯನ್ನು ಸುತ್ತ ಸುತ್ತಿ ಬಿಗಿದರೆ ಇಡೀ ಮೈ ತಾಗುತ್ತದೆ. ವ್ಯಾಸಲೀನ್ ಬಿಗಿದಾದ ಮೇಲೆ, ಹೊರಗಡೆ ಮಾತ್ರ.

ಏಳು ಇಪ್ಪತ್ತೈದಕ್ಕೆ ಸೆಲ್ಫ್ ಹೊಡೆದಾಗ ಟಿಕ್ ಎಂಬ ಮಾತೇ ಇಲ್ಲ. ಸೆಲ್ಫ್ ತಿರುಗುವಾಗ ಬ್ಯಾಟರಿ 10.6ಕ್ಕೆ ಇಳಿಯಿತು, 9.6ಕ್ಕಿಂತ ಕೆಳಗೆ ಹೋಗಿದ್ದರೆ ಎದುರು ಮನೆಯವರು ಹೇಳಿದ್ದೇ ನಿಜವಾಗುತ್ತಿತ್ತು. ಇಂಜಿನ್ ಓಡುವಾಗ 14.1, ಅಂದರೆ ಆಲ್ಟರ್ನೇಟರ್ ಸರಿಯಾಗಿಯೇ ಚಾರ್ಜ್ ಮಾಡುತ್ತಿದೆ. ಇದು 13.5 ದಾಟದಿದ್ದರೆ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟ್ ನೋಡಬೇಕು.

ಕ್ಲಾಂಪ್ ಉಜ್ಜಿದರೂ ಬಗ್ಗದ ಗಾಡಿಗಳಿವೆ. ಆಗ ಅನುಮಾನ ಅರ್ತಿಂಗ್ ಪಟ್ಟಿಯ ಮೇಲೆ, ಅಂದರೆ ಬ್ಯಾಟರಿಯ ಮೈನಸ್ಸನ್ನು ಬಾಡಿಗೂ ಇಂಜಿನ್ನಿಗೂ ಸೇರಿಸುವ ದಪ್ಪ ತಂತಿಯ ಮೇಲೆ. ಜಂಪರ್ ಕೇಬಲಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಕಚ್ಚಿಸಿ ಸೆಲ್ಫ್ ಹೊಡೆದಾಗ ಎದ್ದರೆ ಆ ಪಟ್ಟಿಯೇ ಕಳ್ಳ. ಬೋಲ್ಟ್ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಬಿಗಿದರೆ ಆಯಿತು. ಒಂದೇ ಒಂದು ‘ಟಕ್’ ಅಂದು ಸುಮ್ಮನಾದರೆ ಮೋಟಾರಿನ ಕಾರ್ಬನ್ ಬ್ರಷ್ ಸವೆದು ಸಿಕ್ಕಿಕೊಂಡಿರುವುದು ಹೆಚ್ಚು. ಒಬ್ಬರು ಕೀ ಹಿಡಿದಿರುವಾಗ ಇನ್ನೊಬ್ಬರು ಮೋಟಾರಿನ ಮೈಗೆ ಮರದ ಹಿಡಿಯಿಂದ ಮೆಲ್ಲಗೆ ಕುಟ್ಟಿದರೆ ಎದ್ದೀತು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ ಇರಲೇಬೇಕು. ಅದು ಮೆಕ್ಯಾನಿಕ್ ಹತ್ತಿರ ಹೋಗುವಷ್ಟಕ್ಕೆ ಸಿಕ್ಕ ರಜೆ ಮಾತ್ರ.

ಸೆಲ್ಫ್ ಜೋರಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಬ್ಯಾಟರಿ ನಿರಪರಾಧಿ. ಕೀ ಆನ್ ಮಾಡಿ ಕಿವಿಗೊಟ್ಟರೆ ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡ್ ‘ಗುಂಯ್’ ಎಂದು ಪೆಟ್ರೋಲ್ ಪಂಪ್ ಓಡಬೇಕು. ಓಡದಿದ್ದರೆ ಫ್ಯೂಸ್ ನೋಡಿ, ಪಂಪಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್ಚಿನ ಡಬ್ಬಿ, ಅಂದರೆ ರಿಲೇ ಜಾಗಕ್ಕೆ ಅದೇ ನಂಬರಿನ ಹಾರ್ನ್ ರಿಲೇ ಹಾಕಿ ಪರೀಕ್ಷಿಸಬಹುದು. ಸುಟ್ಟ ಫ್ಯೂಸಿಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರು ಇಡೀ ವೈರಿಂಗನ್ನೇ ಫ್ಯೂಸ್ ಮಾಡಿದಂತೆ. ಮಂಡಕ್ಕಿ ಭಟ್ಟಿಗಳ ಕಡೆ, ಮೆಕ್ಕೆಜೋಳದ ಗೋದಾಮುಗಳ ಹತ್ತಿರ ಗಾಡಿ ನಿಲ್ಲಿಸುವವರು ಫ್ಯೂಸಿಗೂ ಮುಂಚೆ ಇಲಿ ಹಲ್ಲಿನ ಗುರುತು ಹುಡುಕುವುದು ಒಳ್ಳೆಯದು. ಇಂಜೆಕ್ಟರಿನ ತೆಳು ತಂತಿ ಅವಕ್ಕೆ ಬಲು ಇಷ್ಟ. ಸೆಲ್ಫನ್ನು ಒಂದೇ ಉಸಿರಿಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಎಳೆಯಬಾರದು, ನಡುವೆ ಅರ್ಧ ನಿಮಿಷ ಬಿಡಬೇಕು.

ಬ್ಯಾಟರಿಗೆ ಬೋರಿನ ನೀರು ಬೇಡ. ಬೇಳೆಯನ್ನೇ ಬೇಯಿಸದ ನಮ್ಮ ಕಡೆಯ ಗಡಸು ನೀರು ಪ್ಲೇಟುಗಳನ್ನು ಉಳಿಸೀತೇ? ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಗುರುತಿನ ಗೆರೆಯವರೆಗೆ. ಕಂಠಮಟ್ಟ ತುಂಬಿದರೆ ಏಪ್ರಿಲ್ ಬಿಸಿಲಿಗೆ ಉಕ್ಕಿ ಅದೇ ಬಿಳಿ ಬೂಷ್ಟು ಇನ್ನೂ ಬೇಗ ಬರುತ್ತದೆ.

ಈ ಕಾರಿನಲ್ಲಿ ಉಳಿದ ಅನುಮಾನ ಒಂದೇ: ನಿಂತಲ್ಲೇ ಯಾವುದಾದರೂ ದೀಪ ಕರೆಂಟ್ ಕುಡಿಯುತ್ತಿದೆಯೇ? ಐದು ವ್ಯಾಟಿನ ಒಳದೀಪ ಅಂದರೆ 0.4 ಆಂಪಿಯರ್, ದಿನಕ್ಕೆ ಸುಮಾರು 10 ಆಂಪಿಯರ್‌ಅವರ್; 35 ಆಂಪಿಯರ್‌ಅವರ್ ಹಿಡಿಯುವ ಬ್ಯಾಟರಿ ಮೂರನೇ ದಿನಕ್ಕೆ ಸೋಲುತ್ತದೆ. ಚಿತ್ರದುರ್ಗದಿಂದ ಬಂದು ರಾತ್ರಿ ನಿಲ್ಲಿಸಿದ ಗಾಡಿಯನ್ನು ಸೋಮವಾರ ಬೆಳಗ್ಗೆ ಕೀ ಹಾಕುವ ಮುಂಚೆ ಅಳೆದಾಗ ಮೀಟರ್ 12.6 ತೋರಿಸಿತು. ಎದುರು ಮನೆಯವರು ತಮ್ಮ ಗಾಡಿಯ ಬಾನೆಟ್ ಎತ್ತಿ ಹತ್ತರ ಪಾನಾ ಕೇಳಿದರು.