ಕಲಿಯೋ ಮಕ್ಕಳಿಗೆ ಅಗ್ಗದ ಟ್ರಂಪೆಟ್ ಸಾಲದೇ?

ಶಾಲೆಯ ಬ್ಯಾಂಡಿಗೆ ವಾದ್ಯ ಕೊಡಿಸಿ ಎಂದು ಕೇಳಿಕೊಂಡು ಹೋದಲ್ಲೆಲ್ಲ ನನಗೆ ಒಂದೇ ಪ್ರಶ್ನೆ ಎದುರಾಗುತ್ತದೆ. "ಈಗಿನ್ನೂ ಕಲಿಯೋ ಮಕ್ಕಳು. ಸದ್ಯಕ್ಕೆ ಅಗ್ಗದ್ದು ತನ್ನಿ. ಚೆನ್ನಾಗಿ ಬಂದವರಿಗೆ ಮುಂದೆ ಒಳ್ಳೆಯದು ಕೊಡಿಸಿದರಾಯ್ತು, ಅಲ್ವಾ?"

ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ಲೆಕ್ಕ ತಿರುಗುಮುರುಗಾಗಿದೆ. ಪಳಗಿದವನು ಕೆಟ್ಟ ಟ್ರಂಪೆಟ್ಟಿನಿಂದಲೂ ಸ್ವರ ತೆಗೆಯುತ್ತಾನೆ. ತುಟಿ ಬಿಗಿ ಮಾಡಿ, ಉಸಿರು ಹೆಚ್ಚುಕಡಿಮೆ ಮಾಡಿ ಅದರ ಕೊರತೆ ಮುಚ್ಚುತ್ತಾನೆ. ಆರನೇ ತರಗತಿಯ ಹುಡುಗನಿಗೆ ಅದೆಲ್ಲ ಗೊತ್ತಿಲ್ಲ. ಸ್ವರ ಬರದಿದ್ದರೆ ತಪ್ಪು ತನ್ನದೇ ಎಂದುಕೊಳ್ಳುತ್ತಾನೆ.

ಬೆಳಗಾವಿಯ ವಡಗಾವಿ ಕಡೆಯ ನೇಕಾರರ ಮನೆಯ ಹುಡುಗನೊಬ್ಬ ನಮ್ಮ ಬ್ಯಾಂಡಿಗೆ ಬಂದಿದ್ದ. ಮನೆಯಲ್ಲಿ ಪವರ್‌ಲೂಮ್. ಆ ಸದ್ದಿನಲ್ಲಿ ಅವನು ಊದಿದ್ದು ಅವನಿಗೇ ಕೇಳುವುದಿಲ್ಲ. ಅದಕ್ಕೇ ದಿನಾ ಪ್ರಾರ್ಥನೆಗೆ ಒಂದು ತಾಸು ಮೊದಲು ಶಾಲೆಗೆ ಬರುತ್ತಿದ್ದ. ಮೂರು ವಾರ ಆದಮೇಲೆ ನನ್ನ ಹತ್ತಿರ ಬಂದು, "ಸರ, ನನಗ ಉಸಿರ ಸಾಲಂಗಿಲ್ರಿ. ನಾ ಡ್ರಮ್ಮಿಗೆ ಹೋಗ್ತೀನ್ರಿ" ಎಂದ. ಟ್ರಂಪೆಟ್ ಇಸಿದುಕೊಂಡು ನಾನೇ ಊದಿ ನೋಡಿದೆ. ನನಗೂ ಸಾಲಲಿಲ್ಲ. ಸ್ವರ ಬದಲಿಸಲು ಬೆರಳಿನಿಂದ ಒತ್ತುವ ವಾಲ್ವುಗಳ ಸಂದಿಯಲ್ಲಿ ಗಾಳಿ ಸೋರುತ್ತಿತ್ತು. ಎರಡನೆಯ ವಾಲ್ವ್ ಒತ್ತಿದರೆ ಮೇಲಕ್ಕೇ ಬರುತ್ತಿರಲಿಲ್ಲ. ಆ ವರ್ಷವಷ್ಟೇ ದಾನವಾಗಿ ಬಂದಿದ್ದ ಹೊಸ ವಾದ್ಯ ಅದು, ಫಳಫಳ ಹೊಳೆಯುತ್ತಿತ್ತು. ಬೀರುವಿನಲ್ಲಿದ್ದ ಹಳೆಯದೊಂದನ್ನು ಕೊಟ್ಟೆ. ಬಣ್ಣ ಹೋಗಿತ್ತು, ಬಾಯಿಯ ಅಂಚು ನೆಗ್ಗಿತ್ತು. ಎರಡು ನಿಮಿಷದಲ್ಲಿ ನೆಟ್ಟಗೆ ಒಂದು ಸ್ವರ ಬಂತು. ಹುಡುಗ ಊದುವುದನ್ನು ನಿಲ್ಲಿಸಿ ಟ್ರಂಪೆಟ್ಟನ್ನೇ ನೋಡುತ್ತ ನಿಂತ.

ಬಡವರ ಮನೆಯ ಮಗುವಿಗೆ ಇದು ಇನ್ನೂ ಜಾಸ್ತಿ ಪೆಟ್ಟು. ಉಳ್ಳವರ ಮಗುವಿಗೆ ವಾದ್ಯ ಸರಿ ಇಲ್ಲದಿದ್ದರೆ ಅಪ್ಪ ಬೇರೆ ತರುತ್ತಾರೆ, ಮನೆಗೇ ಮೇಷ್ಟ್ರನ್ನು ಕರೆಸುತ್ತಾರೆ. ಇವನು ಸುಮ್ನೆ ಬಿಟ್ಟುಬಿಡುತ್ತಾನೆ. ಬಿಟ್ಟದ್ದು ಯಾಕೆ ಎಂದು ಯಾರೂ ಕೇಳುವುದಿಲ್ಲ.

ಒಳ್ಳೆಯದು ಎಂದರೆ ದುಬಾರಿಯದು ಅಂತ ನಾನು ಹೇಳುತ್ತಿಲ್ಲ. ಬ್ಯೂಗಲ್‌ಗೆ ವಾಲ್ವೇ ಇಲ್ಲ. ತುಟಿ, ಉಸಿರಿನ ಬಲದಲ್ಲೇ ನಾಲ್ಕೈದು ಸ್ವರ ಬರುತ್ತವೆ. ಹಾಗಾಗಿ ಹಳೆಯ ಬ್ಯೂಗಲ್ ಕೂಡ ನಡೆಯುತ್ತದೆ. ಟ್ರಂಪೆಟ್ ಹಾಗಲ್ಲ. ಅದರ ಕೊಳವೆ ಬಿಡಿಸಿದರೆ ಹತ್ತಿರ ಹತ್ತಿರ ಒಂದೂವರೆ ಮೀಟರ್ ಉದ್ದ. ಮೂರು ವಾಲ್ವುಗಳು ಆ ಉದ್ದವನ್ನು ಹೆಚ್ಚಿಸಿ ಸ್ವರ ಇಳಿಸುತ್ತವೆ. ಅವು ಗಾಳಿ ಹಿಡಿಯದಿದ್ದರೆ ಉಳಿದದ್ದೆಲ್ಲ ಹೊಳಪು ಮಾತ್ರ. ಕೊಳ್ಳುವಾಗ ವಾಲ್ವ್ ಒತ್ತದೆ ಅದರ ಪಕ್ಕದ ಸ್ಲೈಡನ್ನು, ಅಂದರೆ ಹೊರಗೆ ಎಳೆಯಲು ಬರುವ ಬಾಗಿದ ಕೊಳವೆ ತುಂಡನ್ನು, ಎಳೆಯಿರಿ. 'ಟಪ್' ಎಂದು ಸದ್ದು ಬಂದರೆ ಗಾಳಿ ಹಿಡಿದಿದೆ. ಬರದಿದ್ದರೆ ಬೇಡ.

ನಮಗೆ ಮಿರಜ್ ಹತ್ತಿರ, ಆದರೆ ಅದು ಸಿತಾರ್, ತಂಬೂರಿಯ ಊರು. ಬ್ಯಾಂಡ್ ವಾದ್ಯಗಳು ಹೆಚ್ಚಾಗಿ ಮಾಡಲಾಗುವುದು ದೂರದ ಉತ್ತರ ಪ್ರದೇಶದ ಮೇರಠ್‌ನಲ್ಲಿ. ಅಲ್ಲಿಂದ ಚೆಂದದವೂ ಬರುತ್ತವೆ, ಬರೀ ತೋರಿಕೆಗೆ ಮಾಡಿದವೂ ಬರುತ್ತವೆ. ಫೋಟೊ ನೋಡಿ ತರಿಸುವುದನ್ನು ನಾನು ಬಿಟ್ಟಿದ್ದೇನೆ. ಮೊದಲು ಶಾಲೆಯ ಬೀರು ತೆಗೆಯಿರಿ ಎನ್ನುತ್ತೇನೆ. ಒಣಗಿ ಕೂತ ವಾಲ್ವ್, ಕಾರ್ಕ್ ಉದುರಿದ ಕ್ಲಾರಿನೆಟ್, ತಂತಿ ಕಳಚಿದ ಸೈಡ್ ಡ್ರಮ್ ಸಿಗುತ್ತವೆ. ಹಲವು ರಿಪೇರಿಯಾಗುತ್ತವೆ. ನೆಗ್ಗು ತೆಗೆಯುವವರು ಯಾರು ಎಂದು ಮದುವೆ ಬ್ಯಾಂಡಿನವರನ್ನು ಕೇಳಿ. ಹೊಟ್ಟೆಪಾಡೇ ಅದಾಗಿರುವವರಿಗೆ ಗೊತ್ತಿರುತ್ತದೆ.

ಇನ್ನೊಂದು ಮಾತು. ವೇದಿಕೆಗೆ ಕರೆದು, ಬಡ ವಿದ್ಯಾರ್ಥಿ ಎಂದು ಹೆಸರು ಕೂಗಿ ವಾದ್ಯ ಕೊಡುವುದನ್ನು ನಾನು ಒಪ್ಪುವುದಿಲ್ಲ. ಒಂದು ಸಲ ಹಾಗೆ ಮಾಡಿಸಿದ್ದೆವು. ಮರುದಿನದಿಂದ ಆ ಹುಡುಗಿ ಕ್ಲಾರಿನೆಟ್ ಮುಟ್ಟಲಿಲ್ಲ. ನನ್ನಿಂದಾದ ತಪ್ಪು ಅದು. ಈಗ ವಾದ್ಯಗಳೆಲ್ಲ ಶಾಲೆಯ ಹೆಸರಿನಲ್ಲೇ ಇರುತ್ತವೆ. ಡಾಕ್ಟರ ಮಗಳೂ ಹಮಾಲರ ಮಗನೂ ಅದೇ ರಿಜಿಸ್ಟರಿನಲ್ಲಿ ಸಹಿ ಹಾಕಿ ಒಯ್ಯುತ್ತಾರೆ. ಊದುವ ಮೌತ್‌ಪೀಸ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಒಬ್ಬರ ಎಂಜಲು ಇನ್ನೊಬ್ಬರಿಗೆ ಬೇಡ. ಶನಿವಾರ ಉಗುರುಬೆಚ್ಚನೆ ಸೋಪು ನೀರಿನಲ್ಲಿ ತೊಳೆಯುತ್ತಾರೆ.

ರಾಷ್ಟ್ರಗೀತೆ ಮುಗಿಯಲು 52 ಸೆಕೆಂಡು. ನಡುವೆ ಒಂದು ವಾಲ್ವ್ ಅಂಟಿಕೊಂಡರೆ ಅಷ್ಟು ಜನರ ಮುಂದೆ ಆ ಮಗು ಏನು ಮಾಡಬೇಕು? ಅದೂ ಆಗಸ್ಟ್ 15 ನಮ್ಮಲ್ಲಿ ಬರುವುದು ಮಳೆಯಲ್ಲಿ. ಚರ್ಮದ ಹೊದಿಕೆಯ ಡ್ರಮ್ ತಂಪಿಗೆ ಸಡಿಲಾಗಿ ಮೆತ್ತಗೆ ಮಾತಾಡುತ್ತದೆ. ಬೆಳಗಾವಿಗೆ ಪ್ಲಾಸ್ಟಿಕ್ ಹೊದಿಕೆಯೇ ಸರಿ.

ಈಗೀಗ ದುಡ್ಡು ಕೊಡಲು ಬಂದವರಿಗೆ ಹೊಸ ವಾದ್ಯದ ಪಟ್ಟಿ ಕೊಡುವುದಿಲ್ಲ. ವರ್ಷದ ಖರ್ಚು ವಹಿಸಿಕೊಳ್ಳಿ ಎಂದು ಕೇಳುತ್ತೇನೆ. ವಾಲ್ವಿಗೆ ಹಾಕುವ ಎಣ್ಣೆ, ಕ್ಲಾರಿನೆಟ್ಟಿನ ರೀಡು, ಡ್ರಮ್ಮಿನ ಹೊದಿಕೆ, ಕೋಲು. ರೀಡು ಬೆತ್ತದಂಥ ಕಡ್ಡಿಯದು, ಊದುತ್ತ ಊದುತ್ತ ಸವೆಯುತ್ತದೆ, ಸೀಳುತ್ತದೆ. ಇವುಗಳ ಮೇಲೆ ದಾನಿಯ ಹೆಸರು ಕೆತ್ತಿಸಲು ಜಾಗವಿಲ್ಲ, ನಿಜ. ಜೂನ್‌ನಲ್ಲಿ ಶಾಲೆ ಶುರುವಾಗಿ ಬೀರು ತೆಗೆದಾಗ ಮೊದಲು ಬೇಕಾಗುವುದು ಮಾತ್ರ ಇವೇ.